ಬುದ್ಧ ಮಲಗಿದ ಬೆಟ್ಟದಾಚೆ

ಶಹಾಪುರವನ್ನು ಸಮೀಪಿಸುವ ಪ್ರವಾಸಿಗನ ಕಣ್ಣಿಗೆ, ಮಲಗಿದ ಬುದ್ಧನಂತೆ ತೋರುವ ಬೆಟ್ಟಸಾಲು ಬೀಳುತ್ತದೆ. ವಾಹನ ನಿಲ್ಲುತ್ತದೆ; ಛಾಯಾಚಿತ್ರ ತೆಗೆದಾಗುತ್ತದೆ. ಮುಂದೆ ಸುರಪುರದ ಗುಡ್ಡದ ಮೇಲಣ ಮೆಡೋಸ್ ಟೇಲರನ ಬಂಗಲೆಯನ್ನೂ ಯಾದಗಿರಿಯ ಕೋಟೆಯನ್ನೂ ಕಂಡರೆ ಯಾತ್ರೆ ಮುಗಿಯಿತು. ಕಲ್ಲಿಗೆ ಸಲ್ಲುವ ಈ ಮನ್ನಣೆಗೆ ಆಕ್ಷೇಪವಿಲ್ಲ. ಆದರೆ ಈ ಸೀಮೆಯ ಸಂಪತ್ತಿನಲ್ಲಿ ದೊಡ್ಡ ಪಾಲು ಕಣ್ಣಿನದಲ್ಲ, ಕಿವಿಯದು.

ಫಿನ್ಲೆಂಡಿನ ಗಡಿಯಾಚೆ, ರಷ್ಯಕ್ಕೆ ಸೇರಿದ ಕರೇಲಿಯದ ಕಾಡುಹಳ್ಳಿಯೊಂದರಲ್ಲಿ 1834ರಲ್ಲಿ ಎಲಿಯಾಸ್ ಲ್ಯೋನ್‌ರೂತ್ ಎಂಬ ವೈದ್ಯನು ಅರ್ಹಿಪ್ಪ ಪೆರ್ತುನೆನ್ ಎಂಬ ವೃದ್ಧ ರೈತನೆದುರು ಕುಳಿತು, ಅವನು ಹಾಡಿದ್ದನ್ನು ಬರೆದುಕೊಂಡನು. ಇಂಥ ಹಾಡುಗಳಿಂದ ಕಟ್ಟಿದ ‘ಕಲೇವಾಲ’ 1835ರಲ್ಲಿ ಹೊರಬಂದಿತು. 1849ರಲ್ಲಿ ಇನ್ನಷ್ಟು ಬೆಳೆಯಿತು. ಅಂದಿನಿಂದ ಆ ಹಳ್ಳಿಗಳು ಯಾತ್ರಾಸ್ಥಳಗಳಾದವು. 2023ರ ಕೊನೆಯಲ್ಲಿ ಫಿನ್ಲೆಂಡು ಗಡಿದಾರಿಗಳನ್ನು ಮುಚ್ಚಿದಾಗ ಆ ಕಡೆಯಿಂದ ಹೋಗುವ ಹಾದಿಯೂ ಕಡಿಯಿತು. ಆ ನಾಡಿನ ವಿದ್ವಾಂಸ ಲೌರಿ ಹೊಂಕೊ 1990ರಲ್ಲಿ ನಮ್ಮ ಕರಾವಳಿಗೇ ಬಂದು, ಗೋಪಾಲ ನಾಯ್ಕರ ಬಾಯಿಂದ ತುಳುವಿನ ಸಿರಿ ಮಹಾಕಾವ್ಯವನ್ನು ದಾಖಲಿಸಿಕೊಂಡರು; ಅದರ ಸಾಲುಗಳು 15,683. ಅಷ್ಟು ದೂರದಿಂದ ಬಂದವರಿಗೆ ಕೇಳಿಸಿದ್ದು ಬೆಂಗಳೂರಿನಿಂದ ಒಂದು ರಾತ್ರಿಯ ಪಯಣದ ಸುರಪುರದಲ್ಲಿ ನಮಗೇಕೆ ಕೇಳಿಸದು?

ಕೃಷ್ಣೆಯ ದಡದ ತಿಂಥಣಿಯಲ್ಲಿ ಮೌನೇಶ್ವರನಿಗೆ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುತ್ತಾರೆ. ಇನ್ನು ಮೊಹರಂ ಬಂದಿತೆಂದರೆ, ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಹಸನ್ ಹುಸೇನರ ಕತೆಯನ್ನು ಕನ್ನಡದಲ್ಲಿಯೇ ಹಾಡುವರು. ರಿವಾಯತ್ ಪದಗಳೆಂದು ಅವಕ್ಕೆ ಹೆಸರು. ಹಾಡುವವರಲ್ಲಿ ಅನೇಕರು ಮುಸಲ್ಮಾನರಲ್ಲ. ಕರ್ಬಲದ ತಾಯಿಯ ಅಳಲು ಇಲ್ಲಿ ನಮ್ಮ ಪಕ್ಕದ ಮನೆಯ ಅಳಲಾಗುತ್ತದೆ.

ಈ ಹಾಡಿಗೆ ಪ್ರವಾಸಿಯ ಪಂಚಾಂಗವೊಂದು ಹೊಂದುವುದಿಲ್ಲ. ಚಾಂದ್ರಮಾನದ ಮೊಹರಂ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಹತ್ತು ವರ್ಷಗಳ ಹಿಂದೆ ಅಕ್ಟೋಬರಿನಲ್ಲಿ ಬಂದದ್ದು ಈಗ ತೊಗರಿ ಬಿತ್ತುವ ಗಡಿಬಿಡಿಯಲ್ಲಿ ಬರುತ್ತಿದೆ. ‘ಅತಿಥಿಗಳು ಬಂದಿದ್ದಾರೆ, ಹತ್ತು ನಿಮಿಷ ಹಾಡಿರಿ’ ಎಂದು ವೇದಿಕೆಗೆ ಕರೆದರೆ ಹಾಡಿಯಾರು. ಆದರೆ ಕುಣಿಯಿಲ್ಲ, ಬೆಂಕಿಯಿಲ್ಲ, ಊರಿಲ್ಲ. ರಾತ್ರಿಯಿಡೀ ಬಿಚ್ಚಿಕೊಳ್ಳುವ ಕತೆಯನ್ನು ಹತ್ತು ನಿಮಿಷಕ್ಕೆ ಮಡಿಚುವುದಾದರೂ ಹೇಗೆ?

ಹಾಗೆಂದು ಹಾಡುಗಾರನು ಹಸಿದಿರಲಿ ಎಂದಲ್ಲ. ಮಳೆ ಕೈಕೊಟ್ಟ ವರ್ಷ ಈ ಹಳ್ಳಿಗಳ ತರುಣರು ಬೆಂಗಳೂರು, ಮುಂಬಯಿಗಳಿಗೆ ಗುಳೆ ಹೋಗುತ್ತಾರೆ. ಪಲ್ಲವಿಯನ್ನು ಎತ್ತಿಕೊಳ್ಳುವವರೇ ಕಟ್ಟಡದ ಇಟ್ಟಿಗೆ ಹೊರುತ್ತಿದ್ದರೆ, ಮುಂಗಡದ ಮುದುಕನೊಬ್ಬನೇ ಎಷ್ಟು ಹೊತ್ತು ಹಾಡಿಯಾನು? ಬಂದವರು ಕೊಡುವ ಹಣ ಮೇಳದ ಕೈಗೇ ಸೇರುವುದಾದರೆ ಬರಲಿ, ಹತ್ತಾರು ಮಂದಿ ಬರಲಿ. ನೂರು ಬಸ್ಸುಗಳು ಮಾತ್ರ ಬೇಡ.

ಹೋಗುವವರು ಊರ ಹಿರಿಯರಿಗೆ ಮುಂಚಿತವಾಗಿ ತಿಳಿಸಿ ಹೋಗುವುದು ಒಳಿತು. ಈಗಿನ ವರ್ಷಗಳಲ್ಲಿ ಹಬ್ಬ ಮಳೆಗಾಲಕ್ಕೆ ಬೀಳುವುದರಿಂದ ಕೊಡೆಯೊಂದು ಕೈಯಲ್ಲಿರಲಿ. ಕುರ್ಚಿ ಸಿಗದು, ನೆಲವೇ ಗತಿ. ಹಾಡು ಬೆಳಗಿನ ಜಾವಕ್ಕೆ ಮುಗಿಯುತ್ತದೆ.