ಕೆಮ್ಮುವ ತಟ್ಟುಗುದುರೆ: ಮೇವು ಮತ್ತು ಹಾಸಿನ ವಿಚಾರ

ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆ ಕುದುರೆಗಾಡಿಗಳು ಬಹುಮಟ್ಟಿಗೆ ಕಣ್ಮರೆಯಾಗಿವೆ. ಆದರೂ ಮದುವೆಯ ಮೆರವಣಿಗೆಗೆಂದೋ, ಜಾತ್ರೆ ಉತ್ಸವಗಳಿಗೆಂದೋ, ಇಲ್ಲವೆ ಮಕ್ಕಳ ಅಕ್ಕರೆಗೆಂದೋ ತಟ್ಟುಗುದುರೆಯೊಂದನ್ನು ಸಾಕಿಕೊಂಡ ಮನೆಗಳು ಅಲ್ಲಲ್ಲಿ ಉಳಿದಿವೆ. ಇಂತಹವರಿಂದ ನಾವು ಕೇಳುವ ದೂರು ಹೆಚ್ಚುಕಡಿಮೆ ಒಂದೇ ಬಗೆಯದು. ಮಳೆಗಾಲ ಮುಗಿದು ಹೊಸ ಹುಲ್ಲು ಮನೆ ಸೇರಿದ ಮೇಲೆ ಕುದುರೆ ಕೆಮ್ಮತೊಡಗುತ್ತದೆ. ಜ್ವರವಿಲ್ಲ, ಮೇವು ಬಿಟ್ಟಿಲ್ಲ. ಆದರೆ ಸ್ವಲ್ಪ ದೂರ ಓಡಿಸಿದರೆ ಏದುಸಿರು. ಔಷಧಿ ಕೊಟ್ಟಾಗ ತಗ್ಗುತ್ತದೆ, ನಿಲ್ಲಿಸಿದೊಡನೆ ಮರುಕಳಿಸುತ್ತದೆ. ಕಡೆಗೆ ಅದು ಉಬ್ಬಸದ ಕುದುರೆಯೆಂದು ಹೆಸರಾಗಿ, ಸಿಕ್ಕ ಬೆಲೆಗೆ ಮಾರಾಟವಾಗಿಬಿಡುತ್ತದೆ. ಅಗ್ಗವಾಗಿ ಕೊಂಡವನು ಅದಕ್ಕೆ ವಿಶ್ರಾಂತಿ ಕೊಡುವನೆಂದು ನಂಬುವುದು ಕಷ್ಟ. ಹೀಗೆ ಕೈಬಿಟ್ಟ ಕುದುರೆಗಳಲ್ಲಿ ಎಷ್ಟನ್ನೋ ಉಳಿಸಿಕೊಳ್ಳಬಹುದಿತ್ತೆಂಬುದು ನಮ್ಮ ಅಭಿಪ್ರಾಯ. ಬದಲಾಗಬೇಕಾದುದು ಅವು ತಿನ್ನುವ ಹುಲ್ಲು ಮತ್ತು ಮಲಗುವ ಹಾಸು.

ಈ ವ್ಯಾಧಿಯನ್ನು ಪಶುವೈದ್ಯರು 2016ರಿಂದೀಚೆಗೆ ಕುದುರೆಯ ಅಸ್ತಮಾ ಎಂದೇ ಕರೆಯುತ್ತಿದ್ದಾರೆ. ಹೆಸರು ಹೊಸದಾದರೂ ರೋಗ ಹಳೆಯದು. ಸ್ವತಃ ಉಬ್ಬಸದಿಂದ ಬಳಲುತ್ತಿದ್ದ ಜಾನ್ ಫ್ಲಾಯರ್ ಎಂಬ ಆಂಗ್ಲ ವೈದ್ಯನು 1698ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿಯೇ ಉಸಿರುಗೆಟ್ಟ ಕುದುರೆಯ ವಿಚಾರವನ್ನು ಬರೆದಿದ್ದಾನೆ. ಹುಲ್ಲಿನಲ್ಲಿರುವ ಬೂಷ್ಟಿನ ಕಣಗಳೂ ಧೂಳೂ ಶ್ವಾಸಕೋಶವನ್ನು ಸೇರಿದಾಗ, ಅವುಗಳನ್ನು ಸಹಿಸದ ಕುದುರೆಯಲ್ಲಿ ಉಸಿರಿನ ಸಣ್ಣ ನಾಳಗಳು ಬಿಗಿದುಕೊಂಡು, ಊದಿಕೊಂಡು, ಲೋಳೆಯಿಂದ ತುಂಬುತ್ತವೆ. ಒಳಗೆ ಹೋದ ಗಾಳಿ ಸುಲಭವಾಗಿ ಹೊರಬರುವುದಿಲ್ಲ. ಅದನ್ನು ತಳ್ಳಲು ಕುದುರೆ ಹೊಟ್ಟೆಯ ಸ್ನಾಯುಗಳಿಂದ ಹೆಣಗುತ್ತದೆ. ಬಹುಕಾಲ ಹೀಗೆ ಹೆಣಗಿದ ಕುದುರೆಯ ಪಕ್ಕೆಯ ಕೆಳಭಾಗದಲ್ಲಿ ಗೀರಿನಂತೆ ಒಂದು ಸ್ನಾಯುರೇಖೆ ಎದ್ದು ಕಾಣುತ್ತದೆ. ಕುದುರೆ ನಮ್ಮಂತೆ ಬಾಯಿಯಿಂದ ಉಸಿರಾಡಲಾರದು ಎಂಬುದನ್ನೂ ಇಲ್ಲಿ ನೆನೆಯಬೇಕು. ಮೂತಿ ಎಲ್ಲಿರುವುದೋ ಅಲ್ಲಿಯ ಗಾಳಿಯೇ ಅದಕ್ಕೆ ಗತಿ.

ನಮ್ಮ ಸೀಮೆಯಲ್ಲಿ ಅಕ್ಟೋಬರ್ ತಿಂಗಳು ಒಳ್ಳೆಯ ಮಳೆಯ ಕಾಲ; ಹಿಂಗಾರು ನವೆಂಬರಿಗೂ ಚಾಚುವುದುಂಟು. ರಾಗಿಯ ಕೊಯ್ಲಿಗೂ ಈ ಮಳೆಗೂ ಮುಖಾಮುಖಿಯಾದ ವರ್ಷ, ಸರಿಯಾಗಿ ಒಣಗದ ಹುಲ್ಲು ಮೆದೆಯಾಗುತ್ತದೆ. ಮೆದೆ ಒಳಗೊಳಗೇ ಕಾಯುತ್ತದೆ, ಆ ಕಾವಿನಲ್ಲಿ ಬೂಷ್ಟು ಬೆಳೆಯುತ್ತದೆ. ಮೇಲ್ಪದರ ಹೊಂಬಣ್ಣವಾಗಿಯೇ ಇರುವುದರಿಂದ ಮನೆಯವರಿಗೆ ಅನುಮಾನ ಬಾರದು. ಎತ್ತುಗಳು ಹೇಗೋ ಸಹಿಸಿಕೊಳ್ಳುವ ಆ ಹುಲ್ಲನ್ನು ಕುದುರೆಯ ಪುಪ್ಪುಸ ಸಹಿಸುವುದಿಲ್ಲ. ಅನೇಕರು ಅಂತಹ ಹುಲ್ಲನ್ನು ಬಿಸಿಲಿಗೆ ಹರವಿ ಒಣಗಿಸಿ ಕೊಡುತ್ತಾರೆ. ಬಿಸಿಲಿಗೆ ತೇವ ಹೋಗುತ್ತದೆಯೇ ಹೊರತು ಬೂಷ್ಟಿನ ಧೂಳು ಹೋಗುವುದಿಲ್ಲ. ಒಣಗಿದ ಮೇಲೆ ಅದು ಇನ್ನಷ್ಟು ಹಗುರವಾಗಿ ಹಾರುತ್ತದೆ. ಒಂದು ಹಿಡಿ ಹುಲ್ಲನ್ನು ಬೆಳಕಿಗೆ ಹಿಡಿದು ಕೊಡವಿ ನೋಡಬೇಕು. ಹೊಗೆಯಂತೆ ಎದ್ದರೆ ಅಥವಾ ಮುಗ್ಗಲು ವಾಸನೆ ಬಂದರೆ ಅದು ತಿಪ್ಪೆಗೆ ಸೇರತಕ್ಕದ್ದು. ಕೊಡವುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಲೇಸು. ಇದೇ ಧೂಳು ಬೇಸಾಯಗಾರರ ಶ್ವಾಸಕೋಶಕ್ಕೂ ರೋಗ ತರುತ್ತದೆ.

ಒಳ್ಳೆಯ ಹುಲ್ಲನ್ನೂ ಒಣದಾಗಿ ಕೊಡಬಾರದು. ಅರ್ಧ ಗಂಟೆ ನೀರಿನಲ್ಲಿ ಪೂರ್ತಿ ಮುಳುಗಿಸಿ, ಬಸಿದು, ಒದ್ದೆಯಿರುವಾಗಲೇ ತಿನ್ನಿಸಬೇಕು. ಮೇಲಿಂದ ನೀರು ಚಿಮುಕಿಸಿದರೆ ಸಾಲದು. ರಾತ್ರಿಯೆಲ್ಲ ನೆನೆಸಿಟ್ಟರೆ ಸತ್ತ್ವ ನೀರಿಗೆ ಇಳಿಯುತ್ತದೆ, ನಮ್ಮ ಸೆಕೆಯಲ್ಲಿ ಹುಳಿಯುವುದೂ ಉಂಟು. ತಿಂದು ಉಳಿದ ಒದ್ದೆ ಹುಲ್ಲನ್ನು ಮರುಹೊತ್ತಿಗೆ ಇಡಬಾರದು. ಮೇವನ್ನು ನೆಲಮಟ್ಟದಲ್ಲಿಯೇ ಇಟ್ಟರೆ ತಲೆ ತಗ್ಗಿಸಿ ತಿನ್ನುವಾಗ ಲೋಳೆ ಹೊರಗೆ ಹರಿಯುತ್ತದೆ. ಗೋಡೆಯ ಎತ್ತರದ ಬಲೆಯಿಂದ ಮೂಗಿನ ಮೇಲೆಯೇ ಧೂಳು ಸುರಿಯುತ್ತದೆ. ತೌಡು, ಬೂಸಾ, ಹುರುಳಿ ಹೊಟ್ಟುಗಳನ್ನೂ ಕಲಸಿಯೇ ಕೊಡತಕ್ಕದ್ದು.

ಎಲ್ಲಕ್ಕಿಂತ ಶ್ರೇಷ್ಠವಾದುದು ಹಸಿ ಮೇವು. ಗರಿಕೆ ಹುಲ್ಲಿಗೆ ಸಾಟಿಯಿಲ್ಲ. ಬಾವಿಯ ನೀರಿದ್ದವರು ಒಂದು ಮಡಿ ಕುದುರೆ ಮಸಾಲೆ ಸೊಪ್ಪನ್ನು ಬೆಳೆದುಕೊಳ್ಳಬಹುದು. ಆ ಹೆಸರನ್ನಿಟ್ಟ ಹಿರಿಯರಿಗೆ ಕುದುರೆಯ ರುಚಿ ಗೊತ್ತಿತ್ತು! ಸುಮಾರು 200 ಕಿಲೋ ತೂಕದ ತಟ್ಟುವಿಗೆ ದಿನಕ್ಕೆ 3ರಿಂದ 4 ಕಿಲೋ ಒಣ ಮೇವು ಬೇಕು. ಬರಿಯ ಹಸಿ ಹುಲ್ಲಾದರೆ 15ರಿಂದ 20 ಕಿಲೋ. ಬದಲಾವಣೆಯನ್ನು ಒಂದೇ ದಿನದಲ್ಲಿ ಮಾಡದೆ 7ರಿಂದ 10 ದಿನಗಳಲ್ಲಿ ಹಂತಹಂತವಾಗಿ ಮಾಡದಿದ್ದರೆ ಹೊಟ್ಟೆನೋವಿಗೆ ಗುರಿಯಾದೀತು. ಗುಂಡ್ಲುಪೇಟೆಯ ಕಡೆ ಧಾರಾಳವಾಗಿ ಸಿಗುವ ಎಳೆಯ ಹಸಿ ಜೋಳವನ್ನು ಮಾತ್ರ ಕುದುರೆಗೆ ಹಾಕಬಾರದು. ಅದರಿಂದ ಮೂತ್ರಕೋಶ ಕೆಟ್ಟು ಹಿಂಗಾಲುಗಳು ತೂರಾಡುವ ಸಂಭವವಿದೆ. ನೇಪಿಯರ್ ಹುಲ್ಲನ್ನೇ ನೆಚ್ಚಿದರೆ ಅದರ ಆಕ್ಸಲೇಟಿನಿಂದಾಗಿ ಸುಣ್ಣದ ಅಂಶ ಮೈಗೆ ಹತ್ತದೆ ಮೂಳೆಗಳು ಸೊರಗುತ್ತವೆ.

ಇನ್ನು ಹಾಸು. ಮೇವನ್ನು ತೋಯಿಸಿ ಕೊಟ್ಟು, ಅದೇ ಒಣ ಹುಲ್ಲನ್ನು ಕೆಳಗೆ ಹಾಸಿದರೆ ಪ್ರಯೋಜನವೇನು? ಕುದುರೆ ಹಾಸನ್ನೂ ಮೇಯುತ್ತದೆ, ರಾತ್ರಿಯೆಲ್ಲ ಅದರ ಗಾಳಿಯನ್ನೇ ಉಸಿರಾಡುತ್ತದೆ. ಬಡಗಿಯು ಮರವನ್ನು ಉಜ್ಜಿದಾಗ ಬೀಳುವ ಸುರುಳಿ ಸಿಪ್ಪೆ ಒಳ್ಳೆಯದು, ಗರಗಸದ ನುಣುಪು ಪುಡಿ ಬೇಡ. ಅನುಕೂಲವಿದ್ದವರು ರಬ್ಬರ್ ಚಾಪೆ ಹಾಕಿಸಬಹುದು. ಕಬ್ಬಿನ ಹಳೆಯ ಸಿಪ್ಪೆಯಲ್ಲಿ ಹುಲ್ಲಿನಷ್ಟೇ ಅಪಾಯಕರವಾದ ಬೂಷ್ಟು ಬೆಳೆಯುತ್ತದೆ. ಒದ್ದೆಯಾದ ಹಾಸನ್ನು ದಿನವೂ ತೆಗೆಯದೆ ಮೇಲೆ ಮೇಲೆ ಹೊದಿಸುತ್ತ ಹೋದರೆ ಗಂಜಲದಿಂದೇಳುವ ಅಮೋನಿಯಾ ನೊಂದ ಉಸಿರುನಾಳವನ್ನು ಮತ್ತಷ್ಟು ಸುಡುತ್ತದೆ. ಗುಡಿಸುವಾಗ ಕುದುರೆ ಹೊರಗಿರಬೇಕು. ಲಾಯದ ಅಟ್ಟದಲ್ಲಿಯೋ ಪಕ್ಕದ ಕೊಟ್ಟಿಗೆಯಲ್ಲಿಯೋ ಎತ್ತುಗಳ ಹುಲ್ಲಿದ್ದರೆ ಈ ಎಲ್ಲ ಶ್ರಮವೂ ವ್ಯರ್ಥ. ನಮ್ಮನ್ನು ಕೇಳಿದರೆ, ನೆರಳಿನ ಮರವೊಂದರ ಕೆಳಗೆ, ಮಳೆಗೆ ಒಂದು ಮಾಡು ಇಳಿಸಿ, ಹಗಲಿರುಳೂ ಬಯಲಿನಲ್ಲಿಯೇ ಇರಿಸುವುದು ಲಾಯಕ್ಕಿಂತ ಮೇಲು. ರಸ್ತೆಯ ಮೇಲೆ ರಾಗಿ, ಹುರುಳಿ ಒಕ್ಕುವ ದಿನಗಳಲ್ಲಿ ಮಾತ್ರ ಗಾಳಿಯ ದಿಕ್ಕು ನೋಡಿ ದೂರ ಕಟ್ಟಬೇಕು.

ಮೂಗಿನಲ್ಲಿ ಹುಣ್ಣು, ಕೀವಿನಂತಹ ಸಿಂಬಳ, ಜ್ವರ ಕಂಡರೆ ಅದು ಉಬ್ಬಸವಲ್ಲ. ಗ್ಲಾಂಡರ್ಸ್ ಇರಬಹುದು, ಅದು ಮನುಷ್ಯರಿಗೂ ತಗಲುವ ಮಾರಕ ರೋಗ. 2009ರ ಕಾಯಿದೆಯಂತೆ ಕೂಡಲೇ ಸರ್ಕಾರಿ ಪಶುವೈದ್ಯರಿಗೆ ತಿಳಿಸತಕ್ಕದ್ದು. ಉಬ್ಬಸವೇ ಆಗಿದ್ದು ಉಸಿರು ತೀರ ಕಟ್ಟಿದಾಗಲೂ ವೈದ್ಯರ ಔಷಧಿ ಬೇಕೇ ಬೇಕು. ಆದರೆ ಹುಲ್ಲಿನ ಧೂಳು ಹಾಗೆಯೇ ಇದ್ದರೆ ಔಷಧಿಯ ಗುಣ ನಿಲ್ಲುವುದಿಲ್ಲ.

ಫಲ ಕಾಣಲು ಕೆಲವು ವಾರಗಳು ಹಿಡಿಯುತ್ತವೆ, ಕೆಡಲು ಕೆಲವೇ ಗಂಟೆಗಳು ಸಾಕು. ಆದ್ದರಿಂದ ಹಬ್ಬಕ್ಕೆ ಬಂದ ನೆಂಟರು ಅಕ್ಕರೆಯಿಂದ ಒಂದು ಹೊರೆ ಒಣ ಹುಲ್ಲು ಹಾಕದಂತೆ ಮನೆಮಂದಿಗೆಲ್ಲ ತಿಳಿಸಿಡಬೇಕು. ಪ್ರತಿದಿನ ಬೆಳಿಗ್ಗೆ, ಕುದುರೆ ಸುಮ್ಮನೆ ನಿಂತಿರುವಾಗ, ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆರೋಗ್ಯವಂತ ಕುದುರೆಗೆ ಅದು 8ರಿಂದ 16. ವೈದ್ಯರು ಬಂದಾಗ ಆ ಕ್ಯಾಲೆಂಡರನ್ನೇ ಅವರ ಮುಂದಿಡಿ.