ಮನೆಯಲ್ಲೇ ಇದ್ದೆಯಲ್ಲ!

ನಮ್ಮ ಮನೆಯ ಹಾಲಿನಲ್ಲಿ ನಾಲ್ಕು ಅಡಿ ಉದ್ದದ ಒಂದು ಖಾಲಿ ಗಾಜಿನ ಪೆಟ್ಟಿಗೆ ಇದೆ. ಅದರ ಮೇಲೀಗ ಇಸ್ತ್ರಿಗೆ ಹೋಗಬೇಕಾದ ಬಟ್ಟೆ ಒಟ್ಟಿದ್ದೇನೆ. ಬಂದವರೆಲ್ಲ "ಮೀನು ಎಲ್ಲಿ?" ಎನ್ನುತ್ತಾರೆ. ಸತ್ತವು ಎಂದರೆ ಸಾಕು, ಮುಂದಿನ ಮಾತು ನನ್ನ ಕಡೆಗೇ ತಿರುಗುತ್ತದೆ. "ನೀವು ಮನೆಯಲ್ಲೇ ಇದ್ದಿರಲ್ಲ, ಗೊತ್ತಾಗಲಿಲ್ಲವೇ?"

ಗೊತ್ತಾಗಲಿಲ್ಲ. ಏಕೆ ಗೊತ್ತಾಗಲಿಲ್ಲ ಎಂಬುದನ್ನು ಇವತ್ತು ಹೇಳಿಯೇ ಬಿಡುತ್ತೇನೆ.

ಮಗ 2003ರ 'ಫೈಂಡಿಂಗ್ ನೀಮೋ' ಸಿನಿಮಾವನ್ನು ಟಿವಿಯಲ್ಲಿ ನೋಡಿದ್ದೇ ನೆಪ. ಅವನ ಹುಟ್ಟುಹಬ್ಬಕ್ಕೆ ಇವರು ಸಮುದ್ರವನ್ನೇ ದಾವಣಗೆರೆಗೆ ತಂದರು. ಕಿತ್ತಳೆ ಬಣ್ಣದ ಎರಡು ಕ್ಲೌನ್ ಮೀನು, ನೀಲಿಯ ಒಂದು ಟ್ಯಾಂಗ್, ಪುಟ್ಟ ಡ್ಯಾಮ್ಸೆಲ್ ಮೂರು. "ಏನೂ ಕಷ್ಟ ಇಲ್ಲ ಮೇಡಂ, ಎಲ್ಲ ಮಿಷನ್ನೇ ನೋಡಿಕೊಳ್ಳುತ್ತೆ" ಎಂದ ಅಂಗಡಿಯವನು.

ಮಿಷನ್ನು ನೋಡಿಕೊಂಡದ್ದು ಹೀಗೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ನಮ್ಮ 200 ಲೀಟರ್ ಟ್ಯಾಂಕಿಗೆ 7 ಕಿಲೋ! ಅದೂ ಅಡುಗೆ ಉಪ್ಪಲ್ಲ, ಬೇರೆಯೇ ತರಿಸಬೇಕು. ನೀರು ಆವಿಯಾಗಿ ಇಳಿದರೂ ಉಪ್ಪು ಅಲ್ಲೇ ಉಳಿಯುತ್ತದೆ, ಆದ್ದರಿಂದ ದಿನವೂ ಸಿಹಿನೀರು ಸೇರಿಸಬೇಕು. ಗಾಜಿಗೆ ಕಟ್ಟುವ ಪಾಚಿ ಕೆರೆಯಬೇಕು, ಫಿಲ್ಟರಿನ ಬಟ್ಟೆ ತೊಳೆಯಬೇಕು. ಹದಿನೈದು ದಿನಕ್ಕೊಮ್ಮೆ ಬಕೆಟ್ಟುಗಟ್ಟಲೆ ನೀರು ಬದಲಿಸಬೇಕು. ಹವ್ಯಾಸ ಇವರದು, ಬಕೆಟ್ಟು ನನ್ನದು. ನೆಂಟರು ಬಂದಾಗ ದೀಪ ಹಾಕಿ ಮೀನಿನ ಹೆಸರು ಹೇಳುವುದು ಮಾತ್ರ ಇವರ ಪಾಲು.

ಕಳೆದ ಬೇಸಿಗೆಯ ಒಂದು ರಾತ್ರಿ ಹನ್ನೊಂದಕ್ಕೆ ಕರೆಂಟು ಹೋಯಿತು. ನಮ್ಮಲ್ಲಿ ಇನ್ವರ್ಟರ್ ಇದೆ. ಅದರ ಲೈನು ಟಿವಿಗಿದೆ, ಮೂರು ಫ್ಯಾನಿಗಿದೆ, ಮೊಬೈಲ್ ಚಾರ್ಜಿಗಿದೆ. ಟ್ಯಾಂಕಿನ ಪ್ಲಗ್ಗಿಗೆ ಇಲ್ಲ. "ರೀ, ಆ ಪಂಪಿಗೂ ಒಂದು ಲೈನು ಎಳೆಸಿ" ಎಂದು ಎರಡು ಸಲ ಹೇಳಿದ್ದೆ. "ಎಲೆಕ್ಟ್ರಿಷಿಯನ್ ಬರಲಿ, ನೋಡೋಣ" ಎಂದಿದ್ದರು. ಹನ್ನೆರಡೂವರೆಗೆ ಕರೆಂಟು ಬಂತು. ಆದರೆ ಪಂಪಿನೊಳಗೆ ತಿರುಗುವ ಭಾಗಕ್ಕೆ ಸುಣ್ಣದಂಥ ಗಟ್ಟಿ ಪದರ ಕಟ್ಟಿತ್ತು. ಒಮ್ಮೆ ನಿಂತದ್ದು ಮತ್ತೆ ತಿರುಗಲಿಲ್ಲ, ಗುಂಯ್ ಎನ್ನುತ್ತಲೇ ಇತ್ತು. ಆ ಗುಂಯ್ ಕೇಳಿಯೇ ನಾವೆಲ್ಲ ನೆಮ್ಮದಿಯಾಗಿ ಮಲಗಿದೆವು.

ಬೆಳಿಗ್ಗೆ ಆರಕ್ಕೆ ಹಾಲಿಗೆಂದು ಎದ್ದವಳು ನಾನು. ನೀಲಿ ಮೀನು ಕಲ್ಲಿನ ಸಂದಿಯಲ್ಲಿ ಒರಗಿತ್ತು. ಡ್ಯಾಮ್ಸೆಲ್‌ಗಳು ತೇಲುತ್ತಿದ್ದವು. ಎರಡು ಕ್ಲೌನ್‌ಗಳು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಏದುಸಿರು ಬಿಡುತ್ತಿದ್ದವು. ಸ್ನಾನದ ಮಗ್ಗಿನಿಂದ ನೀರೆತ್ತಿ ಮೇಲಿನಿಂದ ಸುರಿದೆ, ಒಂದು ಗಂಟೆ, ಕೈ ಸೋಲುವವರೆಗೆ. ದೊಡ್ಡದು ಆ ಮಧ್ಯಾಹ್ನ ಹೋಯಿತು, ಚಿಕ್ಕದು ಮೂರನೆಯ ದಿನ.

ಆಮೇಲೆ ಓದಿ ತಿಳಿದುಕೊಂಡೆ. ಒಂದೇ ಶಾಖದಲ್ಲಿ ಸಿಹಿನೀರಿಗಿಂತ ಉಪ್ಪುನೀರಿನಲ್ಲಿ ಕರಗುವ ಆಮ್ಲಜನಕ ಸುಮಾರು ಐದನೇ ಒಂದು ಪಾಲು ಕಡಿಮೆ. ನೀರು ಬಿಸಿಯಾದಷ್ಟೂ ಇನ್ನೂ ಕಡಿಮೆ. ಮೇಲ್ಮೈ ಕದಡುತ್ತಿದ್ದರಷ್ಟೇ ಗಾಳಿ ಒಳಗಿಳಿಯುತ್ತದೆ. ಪಂಪು ನಿಂತರೆ ನೀರು ಕದಡುವುದಿಲ್ಲ, ಅದರಿಂದಲೇ ನೀರು ಪಡೆಯುವ ಚಿಲ್ಲರ್ರೂ ತಂಪು ಮಾಡುವುದಿಲ್ಲ. ಮೀನಿನ ಹೊಲಸಿನ ಅಮೋನಿಯಾವನ್ನು ಕರಗಿಸುವ ಸೂಕ್ಷ್ಮಜೀವಿಗಳಿಗೂ ಆಮ್ಲಜನಕ ಬೇಕು. ಅವೂ ಸತ್ತರೆ ನೀರೇ ವಿಷ. ಚಿಕ್ಕದನ್ನು ಮೂರನೆಯ ದಿನ ಕೊಂದದ್ದು ಅದೇ ಇರಬೇಕು. ಕರೆಂಟು ಹೋದ ಕೂಡಲೇ ತಾನೇ ಚಾಲೂ ಆಗುವ ಬ್ಯಾಟರಿಯ ಗಾಳಿ ಪಂಪು ಸಿಗುತ್ತದಂತೆ. ಮೀನಿಗಿಂತ ಅಗ್ಗ! ಅಂಗಡಿಯವನು ಅದರ ಸುದ್ದಿಯನ್ನೇ ಎತ್ತಿರಲಿಲ್ಲ.

ಸತ್ತ ಮೀನನ್ನು ನೋಡಿ ಇವರ ಬಾಯಿಂದ ಬಂದ ಮೊದಲ ಮಾತು, "ನೀನು ಮನೆಯಲ್ಲೇ ಇದ್ದೆಯಲ್ಲ!" ಆ ರಾತ್ರಿ ಇವರೂ ಮನೆಯಲ್ಲೇ ಇದ್ದರು, ಟ್ಯಾಂಕಿನಿಂದ ನನ್ನಷ್ಟೇ ದೂರದಲ್ಲಿ ಗೊರಕೆ ಹೊಡೆಯುತ್ತಿದ್ದರು. ಆದರೂ ಮನೆಯಲ್ಲಿದ್ದದ್ದು ನಾನೊಬ್ಬಳೇ! ಈ ಮಾತು ನಿಮಗೂ ಹೊಸದಲ್ಲ. ಹಾಲು ಉಕ್ಕಿತು, ಓವರ್‌ಹೆಡ್ ಟ್ಯಾಂಕು ತುಂಬಿ ಹರಿಯಿತು, ಮಾವನವರ ಬಿಪಿ ಮಾತ್ರೆ ಮುಗಿಯಿತು, ಮಗುವಿಗೆ ಜ್ವರ ಬಂತು. ಎಲ್ಲಕ್ಕೂ ಇದೇ ಒಂದು ಪ್ರಶ್ನೆ. ಮನೆಯಲ್ಲಿರುವವಳು ಮನೆಯ ಮಿಷನ್ನು. ಅದಕ್ಕೆ ಬ್ಯಾಕಪ್ ಬೇಡ, ಅದು ಕೆಟ್ಟು ನಿಂತಾಗಲಷ್ಟೇ ಅದರ ನೆನಪು.

"ನೀನು ಕುಮಟೆಯವಳು, ಬಂಗುಡೆ ಸಾರು ತಿಂದು ಬೆಳೆದವಳು, ನಾಲ್ಕು ಮೀನಿಗೆ ಇಷ್ಟು ಗೋಳೇ?" ಎಂದರು ಗೆಳತಿಯೊಬ್ಬರು. ಹೌದು, ತಿನ್ನುತ್ತೇನೆ. ಆದರೆ ಆಯಿ ಬಂಗುಡೆಗೆ ಹೆಸರಿಟ್ಟು, ಸಾಕುತ್ತೇನೆಂದು ಮಾತು ಕೊಟ್ಟು, ಉಸಿರು ಕಟ್ಟಿಸಿ ಕೊಲ್ಲಲಿಲ್ಲ. ಹಸಿವಿಗೆ ಹಿಡಿಯುವುದು ಒಂದು, ಹಾಲಿನ ಅಂದಕ್ಕೆ ಹಿಡಿಯುವುದು ಇನ್ನೊಂದು. ಸಾಕುತ್ತೇನೆ ಎಂದ ಮೇಲೆ ಅದರ ಉಸಿರು ನಮ್ಮ ಹೊಣೆ.

ಈ ಮೀನುಗಳು ಬರುವುದಾದರೂ ಎಲ್ಲಿಂದ? ಕ್ಲೌನ್ ಮೀನನ್ನು ನಮ್ಮ ದೇಶದಲ್ಲೇ ಮರಿ ಮಾಡಿಸುತ್ತಾರೆ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಆ ವಿದ್ಯೆಯನ್ನು ಸಾಧಿಸಿದ್ದಾರೆ. ಆದರೆ ನೀಲಿ ಟ್ಯಾಂಗನ್ನು ತೊಟ್ಟಿಯಲ್ಲಿ ಬೆಳೆಸಲು ಫ್ಲಾರಿಡಾದ ವಿಜ್ಞಾನಿಗಳಿಗೆ ಸಾಧ್ಯವಾದದ್ದೇ 2016ರಲ್ಲಿ. ಸಮುದ್ರದ ಅಲಂಕಾರದ ಮೀನುಗಳಲ್ಲಿ ಹೆಚ್ಚಿನ ಜಾತಿಗಳನ್ನು ಇಂದಿಗೂ ಹವಳದ ದಿಬ್ಬಗಳಿಂದಲೇ ಹಿಡಿದು ತರುತ್ತಾರೆ. ಫಿಲಿಪೈನ್ಸ್‌ನಲ್ಲಿ 1960ರ ದಶಕದಿಂದ ಸಯನೈಡ್ ಚಿಮ್ಮಿಸಿ, ಮೀನಿಗೆ ಮಂಪರು ಬರಿಸಿ ಹಿಡಿಯುವ ಪದ್ಧತಿ ಬೆಳೆಯಿತು. ಅದರಿಂದ ಹವಳವೂ ಸಾಯುತ್ತದೆ. ಇಷ್ಟೆಲ್ಲ ದಾಟಿ ಬಂದ ಜೀವ ನಮ್ಮ ಮನೆಯ ಒಂದು ಪ್ಲಗ್ಗನ್ನು ನಂಬಿ ಕೂತಿತ್ತು.

ಆದ್ದರಿಂದ ಅಕ್ಕತಂಗಿಯರೇ, ಮನೆಗೆ ಸಮುದ್ರ ತರುತ್ತೇನೆ ಎಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿ. ಇನ್ವರ್ಟರಿನ ಲೈನು ಎಲ್ಲಿ? ಬ್ಯಾಟರಿ ಪಂಪು ಎಲ್ಲಿ? ಪಂಪನ್ನು ತಿಂಗಳಿಗೊಮ್ಮೆ ಬಿಚ್ಚಿ ತೊಳೆಯುವವರು ಯಾರು? ಬಕೆಟ್ಟು ಹೊರುವವರು ಯಾರು? ನಾಲ್ಕಕ್ಕೂ ಉತ್ತರ ಇಲ್ಲದಿದ್ದರೆ ಟ್ಯಾಂಕು ಒಳಗೆ ಬರುವುದು ಬೇಡ. ಮಕ್ಕಳಿಗೆ ಸಮುದ್ರ ತೋರಿಸಬೇಕೆಂದರೆ ಕುಮಟೆಗೆ ಬಸ್ಸಿದೆ.

ಕೊನೆಗೊಂದು ಮಾತು. ಕ್ಲೌನ್ ಮೀನುಗಳಲ್ಲಿ ಹೆಣ್ಣೇ ದೊಡ್ಡದು, ಅದರದೇ ಯಜಮಾನಿಕೆ. ಮೊಟ್ಟೆಯ ಬಳಿ ಕಾದು ನಿಂತು, ರೆಕ್ಕೆಯಿಂದ ನೀರು ಬೀಸಿ ಅದಕ್ಕೆ ಉಸಿರು ಕೊಡುವ ಕೆಲಸ ಹೆಚ್ಚಾಗಿ ಗಂಡಿನದು. ಇದನ್ನು ಇವರಿಗೆ ಓದಿ ಹೇಳಿದೆ. ಪೇಪರಿನಿಂದ ತಲೆ ಎತ್ತಲಿಲ್ಲ. ಆದರೆ ಮರುವಾರ ಎಲೆಕ್ಟ್ರಿಷಿಯನ್ ಬಂದ, ಖಾಲಿ ಟ್ಯಾಂಕಿನ ಪ್ಲಗ್ಗಿಗೆ ಇನ್ವರ್ಟರಿನ ಲೈನು ಎಳೆದು ಹೋದ. ಈಗ ಆ ಪ್ಲಗ್ಗಿನಲ್ಲಿ ನನ್ನ ಮಿಕ್ಸಿ ಓಡುತ್ತದೆ. ಹೊಸ ಮೀನು ಬರುವುದಿಲ್ಲ.