ಹಸಿ ಸುಣ್ಣದ ವಾಸನೆಯಲ್ಲಿ ಕ್ರಿಸ್ಮಸ್

ಡಿಸೆಂಬರ್ ಬಂತೆಂದರೆ ನಮ್ಮ ಎಕಂಬಾ ಕಡೆ ಮೂಗಿಗೆ ಕೆಲಸ ಹೆಚ್ಚು. ಹೊಲದಲ್ಲಿ ಒಣಗಿದ ತೊಗರಿಯ ವಾಸನೆ, ಕಡಲೆ ಗಿಡದ ಹುಳಿ ವಾಸನೆ. ಎಳ್ಳಮಾವಾಸ್ಯೆ ಹತ್ತಿರವಾದರೆ ಮನೆ ಮನೆಯಿಂದ ಭಜ್ಜಿಯ ಘಮ. ಇವುಗಳ ನಡುವೆ ಔರಾದ, ಭಾಲ್ಕಿ ಕಡೆಯ ಕ್ರೈಸ್ತರ ಓಣಿಗಳಲ್ಲಿ ಇನ್ನೊಂದು ವಾಸನೆ ಇರುತ್ತದೆ. ಕ್ರಿಸ್ಮಸ್‌ಗೆಂದು ಗೋಡೆಗೆ ಬಳಿದ ಹಸಿ ಸುಣ್ಣದ್ದು.

ಅತ್ತರಿಗಿಂತ, ಮಲ್ಲಿಗೆಗಿಂತ ನನಗೆ ಈ ವಾಸನೆಯೇ ಇಷ್ಟ. ಅದು ಮೂಗಿಗೆ ಬಿದ್ದರೆ ಸಾಕು, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೋಡೆ ಬಳಿಯುತ್ತಿದ್ದ ಅಜ್ಜಿ ನೆನಪಾಗುತ್ತಾಳೆ. ಓದಲು ಬಾರದ ಅಜ್ಜಿಗೆ ಹಾಡುಗಳು ಬಾಯಿಪಾಠ ಇದ್ದವು. ಸುಣ್ಣ ಬಳಿಯುತ್ತಲೇ ಹಾಡುತ್ತಿದ್ದಳು. ಪ್ರಾರ್ಥನೆ ಎಂದರೇನು ಎಂದು ನನಗೆ ತಿಳಿದದ್ದು ಮೊದಲು ಅಲ್ಲಿಯೇ.

ವಾಸನೆಗೆ ಇಷ್ಟು ಶಕ್ತಿ ಎಲ್ಲಿಂದ ಬಂತು? ಕಣ್ಣು, ಕಿವಿಯಿಂದ ಬಂದ ಸುದ್ದಿ ಮೆದುಳಿನಲ್ಲಿ ಥಾಲಮಸ್ ಎಂಬ ನಾಕಾ ದಾಟಿಯೇ ಮುಂದೆ ಹೋಗಬೇಕು. ಮೂಗಿನ ಸುದ್ದಿಗೆ ಆ ನಾಕಾ ಇಲ್ಲ. ಭಾವನೆ ಮತ್ತು ನೆನಪುಗಳನ್ನು ನೋಡಿಕೊಳ್ಳುವ ಭಾಗಗಳಿಗೆ ಅದರ ದಾರಿ ಬಹಳ ಹತ್ತಿರ. ಅದಕ್ಕೇ ಫೋಟೋ ನೋಡಿದಾಗ ಬಾರದ ಅಳು ಒಮ್ಮೊಮ್ಮೆ ಹಳೆಯ ಕೌದಿಯ ವಾಸನೆಗೆ ಬಂದುಬಿಡುತ್ತದೆ.

ನಂಬಿಕೆಗೂ ಮೂಗಿಗೂ ನಂಟು ಹಳೆಯದು. ದರ್ಗಾದಲ್ಲಿ ಲೋಬಾನ, ಗುಡಿಯಲ್ಲಿ ಕರ್ಪೂರ, ಕ್ಯಾಥೊಲಿಕ್ ಚರ್ಚಿನಲ್ಲಿ ಧೂಪ. ಆದರೆ ನಮ್ಮ ಬೀದರ್ ಜಿಲ್ಲೆಯ ಕ್ರೈಸ್ತರಲ್ಲಿ ಹೆಚ್ಚಿನವರು ಮೆಥೋಡಿಸ್ಟರು. ಅವರ ಆರಾಧನೆಯಲ್ಲಿ ಸಾಮಾನ್ಯವಾಗಿ ಧೂಪ ಇರುವುದಿಲ್ಲ. ಹೀಗಾಗಿ ಇಲ್ಲಿಯ ಕ್ರಿಸ್ಮಸ್‌ಗೆ ವಾಸನೆ ಕೊಟ್ಟದ್ದು ಊರೇ: ಸುಣ್ಣ, ಚೆಂಡು ಹೂ, ಎಣ್ಣೆಯಲ್ಲಿ ಬೇಯುವ ಶಂಕರಪಾಳಿ, ಕರ್ಚಿಕಾಯಿ. ಇದು ಹೊರಗಿನವರ ಧರ್ಮ ಎನ್ನುವವರು ಒಮ್ಮೆ ಈ ಓಣಿಗಳಲ್ಲಿ ಉಸಿರೆಳೆದು ನೋಡಬೇಕು. ಇಲ್ಲಿ ಬರುವುದು ನಮ್ಮದೇ ಮಣ್ಣಿನ ವಾಸನೆ.

ಬೈಬಲಿನಲ್ಲೂ ಒಂದು ಮನೆ ತುಂಬ ಪರಿಮಳ ಹರಡಿದ ಕಥೆ ಇದೆ. ಯೋಹಾನನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಬೇಥಾನ್ಯದ ಮರಿಯಳು ಯೇಸುವಿನ ಪಾದಗಳಿಗೆ ಜಟಾಮಾಂಸಿ ತೈಲ ಹಚ್ಚುತ್ತಾಳೆ. ಜಟಾಮಾಂಸಿ ಹಿಮಾಲಯದ ಎತ್ತರದಲ್ಲಿ ಬೆಳೆಯುವ ಗಿಡ, ನಮ್ಮ ಆಯುರ್ವೇದದವರಿಗೂ ಗೊತ್ತಿರುವ ಬೇರು. ಅಂದು ಆ ತೈಲದ ಬೆಲೆ 300 ದಿನಾರಿ. ಒಂದು ದಿನಾರಿ ಎಂದರೆ ಒಬ್ಬ ಆಳಿನ ಒಂದು ದಿನದ ಕೂಲಿ. ಕರ್ನಾಟಕದಲ್ಲಿ 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಆ ಲೆಕ್ಕ ಹಿಡಿದರೆ 1,11,000 ರೂಪಾಯಿ! ಇದನ್ನು ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಯೂದ ಆಕ್ಷೇಪ ಎತ್ತಿದ. ಯೇಸು ಮಾತ್ರ ಆಕೆಯ ಪರ ನಿಂತ. ಬೇಥಾನ್ಯದ ಅಭಿಷೇಕವನ್ನು ಮಾರ್ಕನೂ ಬರೆದಿದ್ದಾನೆ. ಸುವಾರ್ತೆ ಸಾರುವ ಕಡೆಯಲ್ಲೆಲ್ಲ ಆಕೆ ಮಾಡಿದ್ದನ್ನು ಜನ ನೆನೆಯುತ್ತಾರೆ ಎಂದು ಅಲ್ಲಿ ಯೇಸು ಹೇಳುತ್ತಾನೆ. ವಾಸನೆಯನ್ನೂ ನೆನಪನ್ನೂ ಒಟ್ಟಿಗೆ ಕಟ್ಟಿದ ಮಾತು ಅದು.

ಆದರೆ ಅದರ ಹಿಂದಿನ ಅಧ್ಯಾಯವನ್ನೂ ಓದಬೇಕು. ಅಲ್ಲಿ ಪರಿಮಳ ಇಲ್ಲ, ನಾತ ಇದೆ. ಲಾಜರ ಸತ್ತು ನಾಲ್ಕು ದಿನ ಆಗಿದೆ. ಕಲ್ಲು ಸರಿಸಬೇಡಿ, ವಾಸನೆ ಬರುತ್ತದೆ ಎಂಬ ಅರ್ಥದಲ್ಲಿ ಅಕ್ಕ ಮಾರ್ಥಳೇ ತಡೆಯುತ್ತಾಳೆ. ಯೇಸು ಮೂಗು ಮುಚ್ಚಿಕೊಂಡು ಹಿಂದೆ ಸರಿಯಲಿಲ್ಲ. ಕಲ್ಲು ತೆಗೆಸಿದ. ಮೊದಲು ನಾತದ ಎದುರು ನಿಂತವನಿಗೇ ಆಮೇಲೆ ಪರಿಮಳ ಸಿಕ್ಕಿತು.

ಈ ಮಾತು ನಮಗೆ ಯಾಕೆ ಮುಖ್ಯ? ಬೀದರ್ ಭಾಗದಲ್ಲಿ ಕ್ರಿಸ್ತನನ್ನು ನಂಬಿದವರಲ್ಲಿ ದೊಡ್ಡ ಪಾಲು ದಲಿತ ಕೇರಿಗಳ ಜನ. ಗೋಡೆಗೆ ಬಳಿಯುವ ಸುಣ್ಣವೇ ತೊಗಲಿನ ಕೂದಲು ತೆಗೆಯುವ ಕುಂಡದಲ್ಲೂ ಇರುತ್ತಿತ್ತು. ಗೋಡೆ ಮೇಲಿನ ಸುಣ್ಣ ಊರಿಗೆ ಹಬ್ಬವಾಯಿತು. ಕುಂಡದ ಸುಣ್ಣದಲ್ಲಿ ಕೈ ಅದ್ದಿದವನು ಮಾತ್ರ ಊರ ಹೊರಗೆ ಉಳಿದ. ಜಾತಿ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಜನ ಮೂಗನ್ನು ನೆಪ ಮಾಡಿಕೊಂಡರು.

ಅಪೊಸ್ತಲರ ಕೃತ್ಯಗಳಲ್ಲಿ ಪೇತ್ರ ಯೊಪ್ಪದಲ್ಲಿ ಬಹಳ ದಿನ ಉಳಿದದ್ದು ಯಾರ ಮನೆಯಲ್ಲಿ? ಸಮುದ್ರದ ದಂಡೆಯ ಚರ್ಮಕಾರ ಸೀಮೋನನ ಮನೆಯಲ್ಲಿ. ಆ ಮನೆಯ ಮಾಳಿಗೆಯ ಮೇಲೆ ಪ್ರಾರ್ಥನೆಗೆ ಹೋದಾಗಲೇ ಅವನಿಗೆ ದರ್ಶನವಾಯಿತು. ಯಾವ ಮನುಷ್ಯನನ್ನೂ ಹೊಲಸು ಎನ್ನಬಾರದು ಎಂಬ ಪಾಠ ಅವನಿಗೆ ಸಿಕ್ಕಿದ್ದು ಅದರಿಂದ. ದೇವಾಲಯದ ಧೂಪದ ನಡುವೆ ಸಿಗದ ಪಾಠ ತೊಗಲಿನ ವಾಸನೆಯ ಮನೆಯಲ್ಲಿ ಸಿಕ್ಕಿತು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ. ಇಷ್ಟದ ವಾಸನೆ ನಮ್ಮನ್ನು ದೇವರ ಹತ್ತಿರ ಕರೆದೊಯ್ಯುವುದು ನಿಜ. ಆದರೆ ನೆನಪಿನ ಸಿಹಿಗೇ ಅದು ನಿಂತುಬಿಟ್ಟರೆ ಅತ್ತರು ಬಾಟಲಿಗೂ ನಂಬಿಕೆಗೂ ವ್ಯತ್ಯಾಸ ಇರುವುದಿಲ್ಲ. ಮಲ ಹೊರುವ ಪದ್ಧತಿ ನಿಷೇಧಿಸುವ ಕಾಯ್ದೆ 2013ರಲ್ಲೇ ಬಂದಿದೆ, ಆದರೂ ಗಟಾರಕ್ಕೆ ಇಳಿದವರು ಸಾಯುವ ಸುದ್ದಿ ನಿಂತಿಲ್ಲ. ಅಂಥ ಕೆಲಸ ಮುಗಿಸಿ ಬಂದವನು ಹಬ್ಬದ ದಿನ ನಮ್ಮ ಪಕ್ಕ ಕುಳಿತರೆ ನಾವು ಸರಿದು ಕೂರುತ್ತೇವೋ, ಜಾಗ ಮಾಡಿಕೊಡುತ್ತೇವೋ? ನಂಬಿಕೆಯ ಪರೀಕ್ಷೆ ಅಲ್ಲಿದೆ. ಚರ್ಚಿಗೂ ಅದೇ ಪರೀಕ್ಷೆ, ಗುಡಿಗೂ ಮಸೀದಿಗೂ ಅದೇ.

ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋದ ಗೆಳೆಯರೇ, ವಾಟ್ಸ್ಆ್ಯಪಿನಲ್ಲಿ ಶುಭಾಶಯ ಬರುತ್ತದೆ, ಫೋಟೋ ಬರುತ್ತದೆ, ವಾಸನೆ ಬರುವುದಿಲ್ಲ. ಆದರೆ ಈ ಸಲ ರಜೆ ಹಾಕಿ ಬನ್ನಿ. ಡಿಸ್ಟೆಂಪರ್ ಬಂದ ಮನೆಯಲ್ಲೂ ಒಂದು ಗೋಡೆಗಾದರೂ ಮಕ್ಕಳ ಕೈಯಿಂದ ಸುಣ್ಣ ಬಳಿಸಿ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ಬಳಿಯುವಾಗ ಅಜ್ಜಿ ಮುತ್ಯಾರ ಕಥೆ ಹೇಳಿ, ಕುಂಡದ ಸುಣ್ಣದ ಕಥೆಯನ್ನೂ ಬಿಡದೆ ಹೇಳಿ.